ರಜೆ ಯಾರಿಗೆ? ಒಂದು ಸಾಲಿನ ವಿಮರ್ಶೆ

ಕನ್ನಡದ ವಿಮರ್ಶಕರು ಪದ್ಯದ ಒಂದು ಸಾಲು ಹಿಡಿದು ಹತ್ತು ಪುಟ ಬರೆಯಬಲ್ಲರು. ಪ್ರತಿಮೆ, ಧ್ವನಿ, ಲಯ ಅಂತ ಎಳೆ ಎಳೆಯಾಗಿ ಬಿಡಿಸಿ ಇಡುತ್ತಾರೆ. ನಾವೂ ಇಲ್ಲಿ ಒಂದು ಸಾಲು ಹಿಡಿದು ಕೂತಿದ್ದೇವೆ. ಅದು ಪದ್ಯದ್ದಲ್ಲ, ಕಾಯ್ದೆಯದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೆಯ ಕಲಮು. ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಪ್ರತಿದಿನ ಮಧ್ಯಾಹ್ನ ಒಂದು ಊಟ, ಕಾಸಿಲ್ಲದೆ. ಇಷ್ಟು ಹೇಳಿ ಆ ಸಾಲು ಅಲ್ಲೇ ಒಂದು ಕೊಕ್ಕೆ ಹಾಕುತ್ತದೆ: ಶಾಲೆಯ ರಜಾದಿನಗಳನ್ನು ಬಿಟ್ಟು.

'ಪ್ರತಿದಿನ' ಅಂದ ಬಾಯೇ 'ಬಿಟ್ಟು' ಅನ್ನುತ್ತದೆ. ಈ ಸಾಲು ಬರೆದವರು ದುಷ್ಟರು ಅಂತ ನಾವು ಹೇಳುತ್ತಿಲ್ಲ. ಬರೆಯುವಾಗ ಅವರ ಕಣ್ಣ ಮುಂದೆ ಒಂದು ಮಗು ಇತ್ತು. ಆ ಮಗುವಿಗೆ ಶಾಲೆ ಮುಚ್ಚಿದರೆ ಮನೆ ಇದೆ, ಮನೆಯಲ್ಲಿ ಒಲೆ ಇದೆ, ಒಲೆಯ ಮೇಲೆ ಮಧ್ಯಾಹ್ನವೂ ಏನಾದರೂ ಬೇಯುತ್ತದೆ. ಅಂಥ ಮಗುವಿಗೆ ಶಾಲೆಯ ಊಟವೇ ಬೇಕಾಗಿರಲಿಲ್ಲವಲ್ಲ, ಸ್ವಾಮಿ! ಶಾಲೆಯ ಊಟ ಯಾರಿಗೆ ಬೇಕೋ ಆ ಮಗುವಿಗೆ ರಜೆಯಲ್ಲಿ ಅದು ಇನ್ನೂ ಹೆಚ್ಚು ಬೇಕು. ಈ ಸಣ್ಣ ಲೆಕ್ಕ ತಪ್ಪಿದ್ದು ಹೇಗೆ? ಕಾಯ್ದೆಯೊಂದೇ ತಪ್ಪಿದ್ದಲ್ಲ, ನಮ್ಮ ಸಾಹಿತ್ಯವೂ ಇದೇ ಲೆಕ್ಕ ತಪ್ಪಿದೆ ಎಂಬುದು ನಮ್ಮ ವಾದ.

ಬೇಸಿಗೆ ರಜೆ ಅಂದರೆ ಕನ್ನಡದ ಲಲಿತ ಪ್ರಬಂಧಗಳಲ್ಲಿ ಏನಿದೆ? ಅಜ್ಜಿಮನೆ ಇದೆ. ಅಟ್ಟದ ಮೇಲೆ ಹಣ್ಣಿಗಿಟ್ಟ ಮಾವು ಇದೆ. ಅಂಗಳದಲ್ಲಿ ಹಪ್ಪಳ ಸಂಡಿಗೆ ಒಣಗುತ್ತದೆ, ಕಾಗೆ ಕಾಯುವ ನೆಪದಲ್ಲಿ ಮಕ್ಕಳು ಹಸಿ ಹಪ್ಪಳ ತಿನ್ನುತ್ತವೆ. ಚೆನ್ನಾಗಿದೆ. ಉಂಡವರು ಉಂಡದ್ದನ್ನು ಬರೆದರೆ ನಮ್ಮ ತಕರಾರಿಲ್ಲ. ಆದರೆ ಅದೇ 'ಬಾಲ್ಯ', ಅದೇ 'ಕನ್ನಡದ ಬೇಸಿಗೆ' ಅಂತ ಪಠ್ಯಪುಸ್ತಕಕ್ಕೆ ಹಾಕಿ ನಮ್ಮ ಕೈಲೂ ಅದನ್ನೇ ಬರೆಸಿದರಲ್ಲ, ಅಲ್ಲಿ ತಕರಾರು.

ಪ್ರತಿ ಜೂನಿನಲ್ಲಿ ಶಾಲೆ ತೆರೆದಾಗ ಮೇಷ್ಟರು ಒಂದು ಪ್ರಬಂಧ ಬರೆಸುತ್ತಿದ್ದರು: ನಾನು ಬೇಸಿಗೆ ರಜೆಯನ್ನು ಕಳೆದ ಬಗೆ. ಕೇರಿಯಿಂದ ಹೋದ ನಾವೂ ಬರೆದೆವು. ಅಜ್ಜಿಮನೆಗೆ ಹೋದೆ, ಮಾವಿನಹಣ್ಣು ತಿಂದೆ, ತುಂಬಾ ಸಂತೋಷವಾಯಿತು. ಎಲ್ಲ ಸುಳ್ಳು. ನಮ್ಮ ಅಜ್ಜಿ ನಮ್ಮ ಜೊತೆಯಲ್ಲೇ, ಅದೇ ಗುಡಿಸಲಲ್ಲೇ ಇದ್ದಳು. ಹತ್ತಕ್ಕೆ ಏಳು ನಂಬರು ಬಂತು. ಯೋಚಿಸಿ ನೋಡಿದರೆ ಅದೇ ನಮ್ಮ ಮೊದಲ ಸಾಹಿತ್ಯ ಕೃತಿ. ಉಂಡವರ ಅನುಭವವನ್ನು ಉಣ್ಣದವರು ಕದ್ದು ಬರೆದದ್ದು.

ನಿಜ ಬರೆದಿದ್ದರೆ ಹೀಗಿರುತ್ತಿತ್ತು. ಏಪ್ರಿಲ್ ಬಂದರೆ ಹೊಲದಲ್ಲಿ ಕೂಲಿ ಇಲ್ಲ. ಹುಣಸೆ ಬಡಿಯೋ ಕೆಲಸ ಇದೆ, ಹಣ್ಣು ಕುಟ್ಟಿ ಬೀಜ ತೆಗೆಯೋ ಕೆಲಸ ಇದೆ. ಅದಕ್ಕೆ ಕೂಲಿ ಕೇಜಿ ಲೆಕ್ಕ. ಮನೆಯವರೆಲ್ಲ ಸುತ್ತ ಕೂತು ಕುಟ್ಟಬೇಕು, ಮಕ್ಕಳೂ ಕುಟ್ಟಬೇಕು. ಬೆರಳ ಸಂದಿ ಹುಳಿಗೆ ಬೆಂದು ಬಿರಿಯುತ್ತದೆ. ಹಸಿವಾದರೆ ಅದೇ ಬೀಜ ಹುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿಯೋದು. ಹುಣಸೆ ಮುಗಿದರೆ ಹೊಂಗೆ ಬೀಜ ಆಯೋದು, ಬೇವಿನ ಬೀಜ ಆಯೋದು. ಬೆಳಗ್ಗೆ ತಂಗಳಿದ್ದರೆ ತಂಗಳು. ರಾತ್ರಿ ಹಿಟ್ಟು, ಉಪ್ಪೆಸರು. ನಡುವಿನ ಮಧ್ಯಾಹ್ನ ಅನ್ನೋದು ಶಾಲೆಯ ಜೊತೆಗೇ ಬೀಗ ಹಾಕಿಕೊಂಡು ಹೋಗಿರುತ್ತದೆ. ನಮ್ಮ ಕೇರಿಯ ಒಂದನೇ ಕ್ಲಾಸಿನ ಹುಡುಗ ರಜೆಯ ಮೊದಲ ದಿನ ತಟ್ಟೆ ಹಿಡಿದು ಹೊರಟಿದ್ದ.

'ಎಲ್ಲಿಗ್ಲಾ?' ಅಂದಳು ಅವನ ಅವ್ವ.

'ಇಸ್ಕೂಲಿಗೆ.'

'ರಜ ಕಣ್ ಮಗ.'

'ಓದಕ್ಕೆ ರಜ. ಊಟಕ್ಕೂ ರಜಾನ?'

ಆ ಹುಡುಗ ಕೇಳಿದ್ದೇ ನಮ್ಮ ಪ್ರಶ್ನೆ. ಇದಕ್ಕಿಂತ ಒಳ್ಳೆಯ ವಿಮರ್ಶೆ ಆ 5ನೆಯ ಕಲಮಿಗೆ ನಾವು ಬರೆಯಲಾರೆವು.

ಇನ್ನು ನಮ್ಮವರ ಸಾಹಿತ್ಯಕ್ಕೆ ಬರೋಣ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆ ಒಂದು ಮಾತಿಗೆ ಅವರ ಮಂತ್ರಿ ಪದವಿ ಹೋಯಿತು, ದಲಿತ ಹುಡುಗರು ಏಟು ತಿಂದರು, ಆ ಏಟಿನಿಂದಲೇ ಚಳವಳಿ ಎದ್ದಿತು. ಬೂಸಾ ಅಲ್ಲದ, ಕಾಳಿರುವ ಸಾಹಿತ್ಯ ಆಮೇಲೆ ಬಂತು. ದೇವನೂರ ಮಹಾದೇವ ಅವರ 'ಒಡಲಾಳ'ವನ್ನೇ ನೋಡಿ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ರಾತ್ರಿ ಬೆಂಕಿಯ ಸುತ್ತ ಕೂತು ತಿನ್ನುತ್ತಾರೆ. ಬೆಳಗಾದರೆ ಪೊಲೀಸರು ಬರುತ್ತಾರೆ. ವಿಮರ್ಶಕರು ಅದರ ಭಾಷೆಯನ್ನು ಹೊಗಳಿದರು, ಕುಲುಮೆಯಂಥ ಕಲೆಗಾರಿಕೆ ಎಂದರು. ನಮಗೆ ಅಲ್ಲಿ ಕಾಣುವುದು ಬೇರೆ. ಆ ಮನೆಗೆ ಸರ್ಕಾರ ಬಂದದ್ದು ಅವರ ಹೊಟ್ಟೆಗೆ ಏನು ಬಿತ್ತು ಅಂತ ವಿಚಾರಿಸಲಿಕ್ಕಲ್ಲ, ಹೊಟ್ಟೆಗೆ ಬಿದ್ದದ್ದು ಯಾರದ್ದು ಅಂತ ವಿಚಾರಿಸಲಿಕ್ಕೆ. ಕೇರಿಗೆ ಕಾನೂನು ಊಟವಾಗಿ ಬರುವ ಮೊದಲು ಲಾಠಿಯಾಗಿ ಬಂದಿತ್ತು.

ಆದರೆ ನಮ್ಮನ್ನು ನಾವೂ ವಿಮರ್ಶೆ ಮಾಡಿಕೊಳ್ಳಬೇಕು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಆ ದಾರಿಯಲ್ಲಿ ಬಂದವರ ಪದ್ಯಗಳಲ್ಲಿ ಹಸಿವು ಬೇಕಾದಷ್ಟಿದೆ. ಅದು ಬೆಂಕಿ, ಅದು ಕತ್ತಿ, ಅದು ಜ್ವಾಲಾಮುಖಿ. ನಾವೂ ಹಾಗೇ ಬರೆದವರು. ಹಸಿವನ್ನು ಕ್ರಾಂತಿಯ ಸೌದೆ ಮಾಡಿಕೊಂಡೆವು. ಆರು ವರ್ಷದ ಮಗುವಿನ ಹಸಿವು ಜ್ವಾಲಾಮುಖಿ ಆಗುವುದಿಲ್ಲ, ಗೆಳೆಯರೆ. ಅದು ಸುಮ್ಮನೆ ಮಲಗುತ್ತದೆ. ಹೊಟ್ಟೆ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಧ್ಯಾಹ್ನವಿಡೀ ಮಲಗುತ್ತದೆ. ಇದಕ್ಕೆ ಘೋಷಣೆಯ ಲಯ ಹೊಂದುವುದಿಲ್ಲ, ಅದಕ್ಕೇ ಬಿಟ್ಟೆವು. ಕಾಯ್ದೆ ಬಿಟ್ಟ ಮಗುವನ್ನೇ ಪದ್ಯವೂ ಬಿಟ್ಟಿತು.

ಕಾಯ್ದೆಗೂ ಮೊದಲೇ ಕೋರ್ಟು ಮಾತಾಡಿತ್ತು. 2001ರಲ್ಲಿ ರಾಜಸ್ಥಾನದ ಬರದಲ್ಲಿ, ಗೋದಾಮು ತುಂಬ ಧಾನ್ಯ ಇದ್ದೂ ಜನ ಸಾಯುತ್ತಿದ್ದಾರೆ ಅಂತ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಕೋರ್ಟು ಬೇಯಿಸಿದ ಊಟ ಕೊಡಿ ಎಂದಿತು. ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಉಳಿದ 165 ದಿನ? 2004ರ ಏಪ್ರಿಲ್ 20ರ ಆದೇಶದಲ್ಲಿ ಅದಕ್ಕೆ ಅರ್ಧ ಉತ್ತರ ಬಂತು: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು. ಅದೇ ಆದೇಶ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದೂ ಹೇಳಿತು.

ಕರ್ನಾಟಕದಲ್ಲಿ ಬರ ಬಂದ ವರ್ಷಗಳಲ್ಲಿ ಹಾಗೆ ಬೇಸಿಗೆ ಊಟ ಕೊಟ್ಟಿದ್ದಾರೆ. 2024ರಲ್ಲಿ ಬರಪೀಡಿತವೆಂದು ಸಾರಿದ್ದ 223 ತಾಲೂಕುಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ, ಭಾನುವಾರ ಬಿಟ್ಟು 41 ದಿನ. ಒಳ್ಳೆಯದೇ. ಆದರೆ 'ಬರ' ಅನ್ನುವ ಮಾತನ್ನು ಸ್ವಲ್ಪ ಬಗೆದು ನೋಡೋಣ. ಬರ ಅಳೆಯುವವರು ಮಳೆ ಅಳೆಯುತ್ತಾರೆ, ಬಿತ್ತನೆಯಾದ ಹೊಲ ಎಣಿಸುತ್ತಾರೆ, ಮಣ್ಣಿನ ತೇವ ನೋಡುತ್ತಾರೆ, ಉಪಗ್ರಹದಿಂದ ಹಸಿರು ನೋಡುತ್ತಾರೆ. ಎಲ್ಲವೂ ಭೂಮಿಯ ಲೆಕ್ಕ. ಭೂಮಿಯೇ ಇಲ್ಲದವನ ಬರ ಯಾವ ಉಪಗ್ರಹಕ್ಕೆ ಕಂಡೀತು? ಒಳ್ಳೆ ಮಳೆಯಾಗಿ ಗೌಡರ ಕಣಜ ತುಂಬಿದ ವರ್ಷದಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಕೂಲಿಯವನಿಗೆ ಕೆಲಸ ಇರುವುದಿಲ್ಲ. ಅವನಿಗೆ ಪ್ರತಿ ಬೇಸಿಗೆಯೂ ಬರವೇ. ಬರಗಾಲದಲ್ಲಿ ದನಕ್ಕೆ ಗೋಶಾಲೆ ತೆರೆಯುತ್ತಾರೆ, ಮೇವು ಬ್ಯಾಂಕು ಮಾಡುತ್ತಾರೆ. ಮಾಡಲಿ, ದನ ನಮ್ಮವೇ. ಆದರೆ ಮಗುವಿನ ಹಸಿವನ್ನೂ ಮೇವಿನ ಹಾಗೆ ಮಳೆಯ ಮೇಲೆ ಅಳೆಯುವುದು ಯಾವ ನ್ಯಾಯ?

ಆಗುವುದಿಲ್ಲ ಅಂತ ಹೇಳಬೇಡಿ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಕೇಂದ್ರ ಸರ್ಕಾರವೇ ಆ ವರ್ಷದ ಬೇಸಿಗೆ ರಜೆಗೂ ಮಕ್ಕಳ ಪಾಲು ಕೊಡಲು ಒಪ್ಪಿತು. ಬೇಕೆಂದಾಗ 'ರಜೆ' ಅನ್ನುವ ಗೋಡೆ ಒಂದು ಸುತ್ತೋಲೆಗೆ ಬಿದ್ದುಹೋಯಿತು. ಊರಿಗೆಲ್ಲ ಕಷ್ಟ ಬಂದಾಗ ಬಿದ್ದ ಗೋಡೆ ಕೇರಿಗಷ್ಟೇ ಕಷ್ಟ ಇರುವಾಗ ಮತ್ತೆ ಎದ್ದು ನಿಲ್ಲುತ್ತದೆ.

'ಕೊಟ್ಟರೂ ಮಕ್ಕಳೇ ಬರಲ್ಲ ಕಣ್ರೀ' ಅಂತ ಒಂದು ಮಾತು ಪ್ರತಿ ಸಲ ಕೇಳಿಬರುತ್ತದೆ. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ನಾವು ಬಿಸಿಯೂಟದ ತಟ್ಟೆಯಿಂದ ಎದ್ದು ಬಂದ ತಲೆಮಾರು, ನಮಗೆ ಕಾರಣ ಗೊತ್ತು. ಒಂದು ಬರದ ವರ್ಷ ನಮ್ಮ ಶಾಲೆಯಲ್ಲಿ ಕೇಳಿದರು: 'ರಜೇಲಿ ಊಟಕ್ಕೆ ಬರೋರು ಯಾರ್ಯಾರು, ಕೈ ಎತ್ತಿ.' ಎತ್ತಿದ ಕೈಗಳೆಲ್ಲ ಕೇರಿಯವು. ಉಳಿದ ಮಕ್ಕಳು ತಿರುಗಿ ನೋಡಿದವು. ಎತ್ತಿದ್ದ ನಮ್ಮ ಕೈ ತಾನಾಗಿ ಇಳಿಯಿತು. ಆ ಬೇಸಿಗೆ ನಾವು ಊಟಕ್ಕೆ ಹೋಗಲಿಲ್ಲ. ಶಾಲೆ ನಡೆಯುವಾಗ ಎಲ್ಲರೂ ಒಂದೇ ಸಾಲಲ್ಲಿ ಕೂತು ಉಣ್ಣುತ್ತಾರೆ, ಆಗ ಹಸಿವಿಗೆ ಜಾತಿ ಇರುವುದಿಲ್ಲ. ರಜೆಯಲ್ಲಿ ಹಸಿದವರು ಮಾತ್ರ ಬರಬೇಕು, ಆಗ ತಟ್ಟೆಯೇ ಹಣೆಪಟ್ಟಿ. ಪಂಕ್ತಿಭೇದವನ್ನು ಅಳಿಸಿದ ಊಟ ಬೇಸಿಗೆಯಲ್ಲಿ ಅದೇ ಭೇದವನ್ನು ಹೊಸದಾಗಿ ಬರೆಯುತ್ತದೆ. ಇದರ ಮೇಲೆ ಬಿಸಿಲು, ದೂರ, ಅಪ್ಪ ಅವ್ವನ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದ ಮಕ್ಕಳು. ಗುಳೆ ಹೋದ ಮಗುವಿನ ಹೆಸರು ಊರಿನ ಹಾಜರಿಯಲ್ಲಿ, ಹೊಟ್ಟೆ ಸಿಮೆಂಟಿನ ಧೂಳಿನಲ್ಲಿ.

ಹೆಸರುಗಳನ್ನೂ ವಿಮರ್ಶೆ ಮಾಡಬೇಕು. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾದ ಈ ಯೋಜನೆಗೆ ಅಕ್ಷರ ದಾಸೋಹ ಅಂತ ಹೆಸರಿಟ್ಟರು. 2013ರ ಹಾಲಿಗೆ ಕ್ಷೀರಭಾಗ್ಯ ಎಂದರು. ಶರಣರ ದಾಸೋಹದಲ್ಲಿ ಕೊಡುವವನು ದಾಸ, ಉಣ್ಣುವವನು ಒಡೆಯ. ಇವರ ದಾಸೋಹದಲ್ಲಿ ಕೊಡುವವನ ಫೋಟೋ ಗೋಡೆ ಮೇಲಿರುತ್ತದೆ, ಉಣ್ಣುವವನು ಕೈ ಎತ್ತಿ ನಿಲ್ಲಬೇಕು. ಇನ್ನು ಭಾಗ್ಯ! ಭಾಗ್ಯ ಅಂದರೆ ಬಂದರೂ ಬಂತು, ಬಾರದಿದ್ದರೂ ಇಲ್ಲ. ಹಕ್ಕಿಗೆ ರಜೆ ಇಲ್ಲ, ಭಾಗ್ಯಕ್ಕೆ ಇದೆ. ಹೆಸರಿಡುವಾಗಲೇ ಬೇಸಿಗೆಯ ಬೀಗ ಹಾಕಿ ಆಗಿತ್ತು.

ಅಡುಗೆ ಮಾಡುವ ಅಕ್ಕಂದಿರ ಕಥೆಯೂ ಇದೇ. ಕೇಂದ್ರ 2009ರಲ್ಲಿ ಅವರಿಗೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ತನ್ನ ಪಾಲು ಸೇರಿಸಿ ಕೊಡುತ್ತದೆ ನಿಜ. ಆದರೆ ಅವರನ್ನು ನೌಕರರು ಅಂತ ಯಾರೂ ಕರೆಯುವುದಿಲ್ಲ. ಊರ ಮಕ್ಕಳಿಗೆಲ್ಲ ಅನ್ನ ಬಸಿದ ಹೆಂಗಸಿನ ಮನೆಯ ಒಲೆ ಏನಾಗುತ್ತದೆ ಅಂತ ಆ ಹತ್ತು ತಿಂಗಳ ಲೆಕ್ಕ ಕೇಳುವುದಿಲ್ಲ. ದಲಿತ ಹೆಂಗಸು ಬೇಯಿಸಿದಳು ಅಂತ ಮಕ್ಕಳನ್ನು ಶಾಲೆ ಬಿಡಿಸಿದ ಊರುಗಳು ಈ ನಾಡಿನಲ್ಲಿವೆ. 2021ರಲ್ಲಿ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರು ಎದ್ದು ನಿಂತರು. ತಟ್ಟೆಗೆ ಏನು ಬೀಳಬಾರದು, ಯಾರ ಕೈಯಿಂದ ಬೀಳಬಾರದು ಅಂತ ಕೂಗಲು ಜನ ಇದ್ದಾರೆ. ಏಳು ವಾರ ತಟ್ಟೆಗೆ ಏನೂ ಬೀಳುವುದಿಲ್ಲವಲ್ಲ ಅಂತ ಕೂಗಲು ಯಾವ ಮಠವೂ ಇಲ್ಲ.

ಇದನ್ನು ಓದುವ ಹಳ್ಳಿ ಮೇಷ್ಟರುಗಳಿಗೆ ಒಂದು ಮಾತು. ನಿಮ್ಮ ರಜೆ ಕಿತ್ತುಕೊಳ್ಳಿ ಅಂತ ನಾವು ಕೇಳುತ್ತಿಲ್ಲ. ದುಡಿದ ದಿನಕ್ಕೆ ಗಳಿಕೆ ರಜೆ ಕೊಡಿ ಅಂತ ನೀವು ಕೇಳಿ, ನಾವೂ ಜೊತೆ ಕೇಳುತ್ತೇವೆ. ಆದರೆ ನಿಮ್ಮ ರಜೆಗೂ ಮಗುವಿನ ಊಟಕ್ಕೂ ಗಂಟು ಹಾಕಿದವರು ಬೇರೆಯವರು. ಆ ಗಂಟು ಬಿಚ್ಚಬೇಕಾದರೆ ಊಟದ ಹೊಣೆ ಪಂಚಾಯಿತಿಗೆ ಬರಲಿ. ಅಕ್ಕಂದಿರಿಗೆ 12 ತಿಂಗಳ ಸಂಬಳ ಬರಲಿ. ಪಂಚಾಯಿತಿಯ ಲೈಬ್ರರಿ ಬೇಸಿಗೆಯಲ್ಲಿ ಬೆಳಗ್ಗೆಯೇ ತೆರೆಯಲಿ. ಹಾಡು, ಕಥೆ, ಆಟ ಅಂತ ಊರ ಮಕ್ಕಳು, ಕೇರಿ ಮಕ್ಕಳು ಒಟ್ಟಿಗೆ ಬರಲಿ. ಬಿಸಿಲೇರುವ ಮೊದಲು ಎಲ್ಲರೂ ಒಂದೇ ಸಾಲಲ್ಲಿ ಉಂಡು ಹೋಗಲಿ. ಗುಳೆ ಹೋದ ಮಗು ಹೋದ ಕಡೆಯ ಶಾಲೆಯಲ್ಲಿ ಹೆಸರು ಕೇಳದೆ ಉಣ್ಣಲಿ. ಬರ ಇದೆಯೋ ಇಲ್ಲವೋ ಅಂತ ಆಕಾಶ ನೋಡುವುದು ನಿಲ್ಲಲಿ. ಆ 5ನೆಯ ಕಲಮಿನಿಂದ ಆ ಬಾಲ ಕತ್ತರಿಸಲಿ.

ಎಷ್ಟು ಖರ್ಚಾಗುತ್ತದೆ ಅನ್ನುವವರಿಗೆ ಲೆಕ್ಕ ಕೊಡುತ್ತೇವೆ. ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ. 41 ದಿನಕ್ಕೆ 4 ಕಿಲೋ 100 ಗ್ರಾಂ. ಬೇಳೆ, ಎಣ್ಣೆ, ಸೌದೆ ಬೇರೆ ಇರಲಿ. ಒಂದು ಮಗುವಿನ ಇಡೀ ಬೇಸಿಗೆಯ ಅಕ್ಕಿಯನ್ನು ಒಂದು ಕೈಚೀಲದಲ್ಲಿ ಹಿಡಿದುಕೊಂಡು ಹೋಗಬಹುದು. ಇಷ್ಟನ್ನು ಕೊಡಲಾಗದ ನಾಡು ಅಜ್ಜಿಮನೆಯ ಮಾವಿನ ಬಗ್ಗೆ ಬರೆದು ಚಪ್ಪಾಳೆ ಹೊಡೆಸಿಕೊಳ್ಳುತ್ತದೆ.

ಪದ್ಯ ಬರೆಯುವ ಗೆಳೆಯರೆ, ಈ ಏಪ್ರಿಲ್ ಹತ್ತಕ್ಕೆ ಶಾಲೆಗೆ ಬೀಗ ಬೀಳುವಾಗ ನಿಮ್ಮೂರಿನ ಬಾಗಿಲಲ್ಲಿ ನಿಂತು ನೋಡಿ. ಯಾವ ಮಕ್ಕಳು ಕುಣಿಯುತ್ತ ಓಡುತ್ತವೆ, ಯಾವ ಮಕ್ಕಳು ಅಡುಗೆ ಕೋಣೆಯ ಕಡೆ ತಿರುಗಿ ನೋಡುತ್ತವೆ, ಎಣಿಸಿ. ಎಣಿಸಿದ ಮೇಲೆ ಬರೆಯಿರಿ. ಬರೆದ ಮೇಲೆ ಸುಮ್ಮನೆ ಕೂರಬೇಡಿ, ಅದನ್ನು ತಗೊಂಡು ಪಂಚಾಯಿತಿಗೆ ಹೋಗಿ.