ತೆರೆಯ ಹಿಂದಿನ ‘ಶೋಲೆ’

‘ಶೋಲೆ’ ತಯಾರಾದ ಬಗೆಗಿನ ಕಥೆಗಳಿಗೆ ಸಿನಿಮಾದಷ್ಟೇ ಆಯುಸ್ಸು. ಆದರೆ ಎಲ್ಲ ಕಥೆಗೂ ಒಂದೇ ತೂಕವಿಲ್ಲ. ಧರ್ಮೇಂದ್ರ–ಹೇಮಾಮಾಲಿನಿ ಪ್ರಣಯದ ಪ್ರಸಂಗಗಳು ಸಂದರ್ಶನದಿಂದ ಸಂದರ್ಶನಕ್ಕೆ ಬಣ್ಣ ಕಟ್ಟಿಕೊಂಡು ಬೆಳೆದಿವೆ. ಅವನ್ನು ಬಿಟ್ಟರೆ ಚಿತ್ರಕ್ಕೇನೂ ನಷ್ಟವಿಲ್ಲ. ತೆರೆಯ ಮೇಲೆ ಕಾಣುವುದು ಹಾಗೇಕೆ ಕಾಣುತ್ತದೆ ಎಂದು ತಿಳಿಸುವ ಕಥೆಗಳ ಬೆಲೆ ಬೇರೆ.

ಅಂಥವುಗಳಲ್ಲಿ ಮೊದಲನೆಯದು ಜಾಗದ ಆಯ್ಕೆ. ಡಕಾಯಿತರ ಚಿತ್ರವೆಂದರೆ ಚಂಬಲ್ ಕಣಿವೆ ಎಂಬುದು ಹಿಂದಿ ಚಿತ್ರರಂಗದ ರೂಢಿ. ನಿರ್ದೇಶಕ ರಮೇಶ್ ಸಿಪ್ಪಿ ಅದನ್ನು ಬಿಟ್ಟು ರಾಮನಗರಕ್ಕೆ ಬಂದರು. ಕಲಾ ನಿರ್ದೇಶಕ ರಾಮ್ ಯೆಡೇಕರ್ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿದರು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಆರಂಭವಾಯಿತು. ಕಥೆ ನಡೆಯುವ ಊರಾದ ರಾಮಗಢ ಉತ್ತರದ್ದು, ಬಂಡೆ ಮಾತ್ರ ಕನ್ನಡನಾಡಿನದು. ಈ ಬೆಸುಗೆಯಿಂದಲೇ ರಾಮಗಢ ಯಾವ ಭೂಪಟಕ್ಕೂ ಸೇರದ ಕಲ್ಪಿತ ಸೀಮೆಯಾಯಿತು. ಬೋಳು ಬಂಡೆಯ ಮೇಲೆ ಅಡ್ಡಾಡುವ ಡಕಾಯಿತ ಗಬ್ಬರ್ ಆ ಕಲ್ಲಿನಿಂದಲೇ ಎದ್ದು ಬಂದವನಂತಿದ್ದಾನೆ.

ಎರಡನೆಯದು ಬೆಳಕಿನ ಕಥೆ. ವಿಧವೆ ರಾಧಾ ಒಂದೊಂದೇ ದೀಪ ಆರಿಸುತ್ತಿರುವಾಗ ನಾಯಕರಲ್ಲೊಬ್ಬನಾದ ಜೈ ಮೌತ್ ಆರ್ಗನ್ ನುಡಿಸುವ ಪುಟ್ಟ ದೃಶ್ಯವನ್ನು ಛಾಯಾಗ್ರಾಹಕ ದ್ವಾರಕಾ ದಿವೇಚಾ ಮುಸ್ಸಂಜೆಯ ಬೆಳಕಿನಲ್ಲೇ ಹಿಡಿಯಬೇಕಿತ್ತು. ಹೊತ್ತು ಮುಳುಗಿ ಕತ್ತಲು ಕವಿಯುವ ನಡುವೆ ಸಿಗುವುದು ಕೆಲವೇ ನಿಮಿಷ. ಹೀಗಾಗಿ ಅದಕ್ಕೆ ಸುಮಾರು 20 ದಿನ ಹಿಡಿಯಿತೆನ್ನುತ್ತಾರೆ. ಮಾತಿಲ್ಲದ ಆ ಪ್ರೇಮಕ್ಕೆ ನಂಬಿಕೆ ಬರುವುದು ಬೆಳಕಿನಿಂದ. ದುಂದು ಎನ್ನಿಸಿದ ದಿನಗಳ ಲೆಕ್ಕ ಅಲ್ಲಿ ಚುಕ್ತಾ ಆಗುತ್ತದೆ.

ಮೂರನೆಯದು ಧ್ವನಿಯ ಕಥೆ. ಗಬ್ಬರ್ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆನ್ಜೋಂಗ್ಪಾ. ಅವರು ‘ಧರ್ಮಾತ್ಮಾ’ ಚಿತ್ರೀಕರಣಕ್ಕೆ ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿ ಬಂದದ್ದರಿಂದ ಅಮ್ಜದ್ ಖಾನ್‌ಗೆ ಅವಕಾಶ ಸಿಕ್ಕಿತು. ಅಮ್ಜದ್ ಧ್ವನಿ ತೆಳುವಾಯಿತೇನೋ ಎಂಬ ಅನುಮಾನ ಚಿತ್ರತಂಡದೊಳಗೇ ಇತ್ತು. ಮುಂದೆ ಹಾಡುಗಳಂತೆ ಸಂಭಾಷಣೆಯ ಧ್ವನಿಮುದ್ರಿಕೆಯೂ ಮಾರಾಟವಾದಾಗ ಜನ ಮುಗಿಬಿದ್ದದ್ದು ಅದೇ ಧ್ವನಿಗೆ! ಇನ್ನು ಕತ್ತರಿಯ ಕಥೆ. ಫಿಲ್ಮ್‌ಫೇರ್‌ನಲ್ಲಿ ಚಿತ್ರಕ್ಕೆ ದಕ್ಕಿದ ಏಕೈಕ ಪ್ರಶಸ್ತಿ ಸಂಕಲನಕಾರ ಎಂ.ಎಸ್. ಶಿಂಧೆ ಅವರದು. ಗಬ್ಬರ್ ತೋಳಿನ ಮೇಲಿನ ಇರುವೆಯನ್ನು ಹೊಸಕುತ್ತಾನೆ. ಮರುಕ್ಷಣ ಕುದುರೆಯೊಂದು ಇಮಾಮನ ಮಗನ ಹೆಣ ಹೊತ್ತು ಊರಿಗೆ ಬರುತ್ತದೆ. ಕೊಲೆಯನ್ನು ತೋರಿಸದೆಯೇ ಕ್ರೌರ್ಯ ಮುಟ್ಟಿಸಿದ ಕತ್ತರಿ ಅದು.

ಎಲ್ಲ ಕತ್ತರಿಗೂ ಈ ಮಾತು ಸಲ್ಲದು. ಮೂಲ ಅಂತ್ಯದಲ್ಲಿ, ಗಬ್ಬರ್‌ನಿಂದಲೇ ಕೈ ಕಳೆದುಕೊಂಡಿದ್ದ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರ್‌ನನ್ನು ತುಳಿದು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ಸೆನ್ಸಾರ್ ಮಂಡಳಿ ಇದನ್ನು ಒಪ್ಪಲಿಲ್ಲ. ಅಂತ್ಯವನ್ನು ಮತ್ತೆ ಚಿತ್ರೀಕರಿಸಿ, 1975ರ ಆಗಸ್ಟ್ 15ರಂದು ಬಿಡುಗಡೆ ಮಾಡಲಾಯಿತು. ಅದರಲ್ಲಿ ಕೊನೆಗಳಿಗೆಗೆ ಪೊಲೀಸರು ಬಂದು ಕಾನೂನು ಹೇಳುತ್ತಾರೆ. ಠಾಕೂರನೂ ಒಂದು ಕಾಲದ ಪೊಲೀಸ್ ಅಧಿಕಾರಿಯೇ ಆದ್ದರಿಂದ ಆ ಮಾತು ಪೂರ್ತಿ ಅಸಂಬದ್ಧವಲ್ಲ, ಆದರೂ ತೇಪೆ ಎದ್ದು ಕಾಣುತ್ತದೆ. 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಮೂಲ ಅಂತ್ಯದೊಂದಿಗೆ ಚಿತ್ರ ಪ್ರದರ್ಶನಗೊಂಡಿತು. ಅಲ್ಲಿ ಸೇಡು ತೀರಿದ ಮೇಲೆ ಠಾಕೂರ್ ಕುಸಿದು ಅಳುತ್ತಾನೆ. ಪೊಲೀಸರು ಬರುವ ಅಂತ್ಯದಲ್ಲಿ ಆ ಅಳುವಿಗೆ ಎಡೆಯೇ ಇಲ್ಲ.