ಕೊಡದ ಸಾಲಿನಲ್ಲಿ ಮೊಯ್ನಾ

ಶನಿವಾರ ಮಧ್ಯಾಹ್ನ ಉತ್ತರ ಚೆನ್ನೈನ ಒಂದು ಸರ್ಕಾರಿ ಶಾಲೆಯ ಐದನೇ ತರಗತಿ ಮಕ್ಕಳ ಜೊತೆ ಕೂತು ಇಂಗ್ಲಿಷ್ ಓದುತ್ತೇನೆ. ಓದಿಸುತ್ತೇನೆ ಎನ್ನಲು ಸಂಕೋಚ. ಅವರಿಗೆ ಇಂಗ್ಲಿಷ್ ಎಷ್ಟು ಕಷ್ಟವೋ ನನಗೆ ತಮಿಳು ಲಿಪಿ ಅಷ್ಟೇ ಕಷ್ಟ. ಚೆನ್ನೈನಲ್ಲೇ 1996ರಲ್ಲಿ ಶುರುವಾದ ತೂಲಿಕಾ ಪ್ರಕಾಶನದ ದ್ವಿಭಾಷಾ ಚಿತ್ರಪುಸ್ತಕಗಳು ನಮ್ಮಿಬ್ಬರಿಗೂ ಒದಗುತ್ತವೆ. ಒಂದೇ ಪುಟದಲ್ಲಿ ಎರಡೂ ಭಾಷೆ ಇರುವುದರಿಂದ ಅವರು ತಮಿಳಿನಿಂದ ಇಂಗ್ಲಿಷಿಗೆ ಬರುತ್ತಾರೆ, ನಾನು ಇಂಗ್ಲಿಷಿನಿಂದ ತಮಿಳಿಗೆ ಹೋಗುತ್ತೇನೆ.

ಆದರೆ ಕಣ್ಣು ಯಾವಾಗಲೂ ಸುಲಭದ ಕಡೆಗೇ ಜಾರುತ್ತದೆ. ತಮಿಳಿನಲ್ಲಿ ಕತೆ ಓದಿ ಮುಗಿಸಿದ ಹುಡುಗ ಮತ್ತೆ ಇಂಗ್ಲಿಷ್ ಸಾಲಿಗೆ ಯಾಕೆ ಬರಬೇಕು? ಬರುವಂತೆ ಮಾಡುವುದು ಪುಸ್ತಕದ ಕೆಲಸ. ಬಹಳಷ್ಟು ಪುಸ್ತಕಗಳು ಇಲ್ಲೇ ಸೋಲುತ್ತವೆ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕತೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಅಚ್ಚು ಹಾಕಿಸಬಹುದು. ಬಡ ಶಾಲೆಗಳಿಗೆ ಇದು ದೊಡ್ಡ ಉಪಕಾರ. ಯಾರು ಬೇಕಾದರೂ ಕತೆ ಸೇರಿಸಬಹುದಾದ್ದರಿಂದ ಕಾಳು ಜೊಳ್ಳು ಎರಡೂ ಇವೆ. ನನ್ನ ತಕರಾರು ಅದಲ್ಲ. ಮೊದಲ ಹಂತದ ಪುಟದಲ್ಲಿ ನಾಲ್ಕೈದು ಪದ, ಒಂದು ಚೆಂಡು, ಒಂದು ಬೆಕ್ಕು. ಆರು ವರ್ಷದ ಮಗುವಿಗೆ ಅದು ಸರಿ. ಹತ್ತು ವರ್ಷದ ಹುಡುಗಿಗೆ ಇಂಗ್ಲಿಷ್ ಮಾತ್ರ ಮೊದಲ ಹಂತದ್ದು, ಬದುಕು ಅಲ್ಲ. ಅವಳ ಮುಂದೆ ಆ ಬೆಕ್ಕನ್ನು ಇಟ್ಟರೆ ಅವಳಿಗೆ ಅವಮಾನ.

ಪಾಠದ ಕಾರ್ಡುಗಳದ್ದು ಇನ್ನೊಂದು ಕತೆ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ನಮ್ಮ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಹುಟ್ಟಿತು. ಅದೇ ಬೇರಿನಿಂದ 2003ರಲ್ಲಿ ಚೆನ್ನೈನ 13 ಕಾರ್ಪೊರೇಷನ್ ಶಾಲೆಗಳಲ್ಲಿ ಚಟುವಟಿಕೆ ಕಲಿಕೆ ಬಂತು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಒಳ್ಳೆಯ ಕ್ರಮ. ಆದರೆ ಕಾರ್ಡು ಒಂದೇ ವಾಕ್ಯವನ್ನು ಹತ್ತು ಸಲ ಹೇಳಿಸುವುದು ರೂಢಿಯಾಗಲಿ ಎಂದು. ಹೇಳುವವಳಿಗೆ ಅದನ್ನು ಹೇಳುವ ತುರ್ತು ಇರುವುದಿಲ್ಲ.

ಈ ತುರ್ತು ನನಗೆ ಕಂಡಿದ್ದು ಮಹಾಶ್ವೇತಾ ದೇವಿಯವರ 'ದಿ ವೈ-ವೈ ಗರ್ಲ್' ಪುಸ್ತಕದಲ್ಲಿ. ತೂಲಿಕಾ ತಂದ ಇದಕ್ಕೆ ಚಿತ್ರ ಬರೆದವರು ಕನ್ಯಿಕಾ ಕಿಣಿ. ಶಬರ ಬುಡಕಟ್ಟಿನ ಮೊಯ್ನಾ ಬಾಬುಗಳ ಆಡು ಮೇಯಿಸುತ್ತಾಳೆ, ನೀರು ತರುತ್ತಾಳೆ. ಎಲ್ಲದಕ್ಕೂ ಯಾಕೆ ಎನ್ನುತ್ತಾಳೆ. ಆಡು ಮೇಯಿಸುವ ಹೊತ್ತಿಗೇ ಶಾಲೆ ನಡೆದರೆ ನಾನು ಬರುವುದು ಹೇಗೆ, ಹೊತ್ತನ್ನೇ ಬದಲಾಯಿಸಿ ಎಂದು ಜಗಳ ತೆಗೆಯುತ್ತಾಳೆ. ಇಲ್ಲಿಯೂ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಆದರೆ ಹುಡುಗಿಗೆ ಉತ್ತರ ಸಿಕ್ಕಿಲ್ಲ ಎಂದು ಬರುತ್ತದೆ. ಅದಕ್ಕೇ ಮಕ್ಕಳ ಬಾಯಲ್ಲಿ ಉಳಿಯುತ್ತದೆ.

ಪದಗಳ ಲೆಕ್ಕದಲ್ಲಿ ಈ ಪುಸ್ತಕ ನಮ್ಮ ಮಕ್ಕಳಿಗೆ ಕಷ್ಟದ್ದೇ. ಅರ್ಧ ಪುಟ ಓದಲು ಒಂದು ಮಧ್ಯಾಹ್ನ ಹಿಡಿದದ್ದುಂಟು. ಆದರೂ ಯಾರೂ ಎದ್ದು ಹೋಗಲಿಲ್ಲ. ಬೆಳಿಗ್ಗೆ ಮೆಟ್ರೋ ವಾಟರ್ ಲಾರಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲಿನಲ್ಲಿ ನಿಂತು ಬಂದವರಿಗೆ ಮೊಯ್ನಾ ಹೊರುವ ನೀರಿನ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಪುಸ್ತಕದ ಕೊನೆಯ ಬಗ್ಗೆ ನನಗೆ ಅಸಮಾಧಾನವಿದೆ. ಮೊಯ್ನಾ ಬೆಳೆದು ಶಾಲೆಯ ಟೀಚರ್ ಆಗುತ್ತಾಳೆ. ಅಷ್ಟು ಗದ್ದಲ ಮಾಡಿದವಳನ್ನು ಕತೆ ಬೇಗ ಮೇಜಿನ ಹಿಂದೆ ಕೂರಿಸಿಬಿಟ್ಟಿತು. ಆಡುಗಳನ್ನು ಈಗ ಯಾರು ಮೇಯಿಸುತ್ತಾರೆ ಎಂಬುದು ಹಾಗೇ ಉಳಿಯಿತು.

ಆಡಿನ ಪುಟ ಓದಿದ ದಿನ ಒಬ್ಬ ಹುಡುಗಿ "ಏನ್?" ಅಂದಳು. ನನ್ನ ಕನ್ನಡದ ಕಿವಿಗೆ ಅದು 'ಏನು' ಎಂದೇ ಕೇಳಿಸಿತು. ಆಡು ಎಂದರೇನು, ಬಾಬು ಎಂದರೆ ಯಾರು ಎಂದು ವಿವರಿಸುತ್ತಾ ಹೋದೆ. ಅವಳು ತಲೆ ಅಲ್ಲಾಡಿಸಿ ಮತ್ತೆ "ಏನ್?" ಅಂದಳು. ತಮಿಳಿನಲ್ಲಿ ಅದರ ಅರ್ಥ 'ಯಾಕೆ' ಎಂಬುದು ಆಮೇಲೆ ಹೊಳೆಯಿತು. ಬಾಬುಗಳ ಆಡನ್ನು ಇವಳು ಯಾಕೆ ಮೇಯಿಸಬೇಕು ಎಂದು ಅವಳು ಕೇಳುತ್ತಿದ್ದಳು.

ಪಠ್ಯದ ಕೊನೆಯ ಪ್ರಶ್ನೆಗಳು ಹೆಚ್ಚಾಗಿ 'ಏನು' ಎಂದೇ ಕೇಳುತ್ತವೆ. ಓದಿದ ಮಗುವೇ ತಿರುಗಿ 'ಯಾಕೆ' ಎಂದು ಕೇಳುವ ಪುಸ್ತಕ ಸಿಕ್ಕರೆ, ಹಂತ ನೋಡದೆ ಕೊಂಡುಕೊಳ್ಳಿ.