ಒಂದೇ ಬಟ್ಟಲು, ಎರಡು ಹೆಸರು

ನಮ್ಮ ಕಲಬುರಗಿ ಸೀಮೆಗೆ ಮೆಥಡಿಸ್ಟ್ ಸಭೆ ಬಂದದ್ದು ರೈಲಿನ ಹಾದಿ ಹಿಡಿದು. ಬೊಂಬಾಯಿ ಕಡೆಯ ಹಳಿ ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ಗಾಡಿ ಓಡತೊಡಗಿದ್ದು 1874ರಲ್ಲಿ. ಅದೇ ಹೊತ್ತಿಗೆ ಅಮೆರಿಕದ ಮೆಥಡಿಸ್ಟ್ ಬೋಧಕ ವಿಲಿಯಂ ಟೇಲರ್ ಬೊಂಬಾಯಿ, ಮದ್ರಾಸು, ಬೆಂಗಳೂರುಗಳಲ್ಲಿ ಸಭೆ ಕಟ್ಟುತ್ತಿದ್ದರು. ಅವರ ಮೊದಲ ಕೇಳುಗರು ಇಂಗ್ಲಿಷ್ ಬಲ್ಲವರು: ಸಿಪಾಯಿಗಳು, ಗಾರ್ಡುಗಳು, ಡ್ರೈವರುಗಳು, ಆಂಗ್ಲೋ ಇಂಡಿಯನ್ ಗುಮಾಸ್ತರು. ಕನ್ನಡ, ತೆಲುಗು, ಮರಾಠಿ ಮಾತಾಡುವ ಹಳ್ಳಿಗಳಿಗೆ ಸಭೆ ಇಳಿದದ್ದು ಆಮೇಲೆ.

ಹೀಗಾಗಿ ಒಂದೇ ಸಭೆಯೊಳಗೆ ಹುಟ್ಟಿನಿಂದಲೇ ಎರಡು ಸಭೆಗಳಿದ್ದವು. ರೈಲ್ವೆ ಕ್ವಾರ್ಟರ್ಸಿನವರಿಗೆ ಇಂಗ್ಲಿಷ್ ಆರಾಧನೆ, ಕೇರಿಯವರಿಗೆ ಕನ್ನಡದ್ದು. ಕಪ್ಪು ಮೈಯವರು ಒಳಗೆ ಬರಬಾರದೆಂಬ ಬೋರ್ಡು ಬೇಕಾಗಲಿಲ್ಲ. ಸಂಬಳ, ವಸತಿ, ಹುದ್ದೆ ಎಲ್ಲವೂ ಮೈಬಣ್ಣದ ಮೇಲೆ ನಿಂತಿದ್ದ ಆ ಕಾಲದ ರೈಲ್ವೆಯಲ್ಲಿ ಬೋರ್ಡಿನ ಕೆಲಸವನ್ನು ಭಾಷೆ ಮಾಡಿತು. ಮಿಷನರಿಗಳಲ್ಲಿ ಒಳ್ಳೆಯ ಮನಸ್ಸಿನವರು ಬಹಳ ಮಂದಿ ಇದ್ದರು. ಆದರೆ ಈ ಏರ್ಪಾಡನ್ನು ಅವರು ಪಾಪವೆಂದು ಕಾಣಲಿಲ್ಲ, ಅನುಕೂಲವೆಂದು ಕಂಡರು.

ಅವರನ್ನು ಕಳಿಸಿದ ಅಮೆರಿಕದ ಸಭೆಯ ಕಥೆಯೂ ಗೊತ್ತಿರಬೇಕು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅದು 1844ರಲ್ಲಿ ಒಡೆದಿತ್ತು. 1939ರಲ್ಲಿ ಮತ್ತೆ ಒಂದಾದಾಗ ಕಪ್ಪು ಜನರ ಸಭೆಗಳನ್ನು ಬಹುಪಾಲು ‘ಸೆಂಟ್ರಲ್ ಜ್ಯೂರಿಸ್‌ಡಿಕ್ಷನ್’ ಎಂಬ ಬೇರೆ ಪಂಕ್ತಿಗೆ ತಳ್ಳಿತು. ಉಳಿದ ಐದು ವಿಭಾಗಗಳು ಭೂಪಟ ನೋಡಿ ಮಾಡಿದವು, ಇದೊಂದು ಚರ್ಮ ನೋಡಿ ಮಾಡಿದ್ದು. ಅದು ಮುಗಿದದ್ದು 1968ರಲ್ಲಿ. ನಮ್ಮ ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಟೆನೆಸ್ಸಿ ಕಡೆಯ ಮೆಥಡಿಸ್ಟ್ ಕಾನ್ಫರೆನ್ಸಿನದು. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಬಸ್ ಸೀಟು ಇದ್ದ ಸೀಮೆ ಅದು. ಅಲ್ಲಿನ ಹೆಸರು ಹೊತ್ತ ಆಸ್ಪತ್ರೆಯಲ್ಲಿ ನಮ್ಮ ಕೇರಿಯ ಬಾಣಂತಿಯರ ಜೀವ ಉಳಿದಿದೆ. ಈ ಎರಡು ಸತ್ಯಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಕೇರಿಗೆ ಸಭೆ ಕೊಟ್ಟದ್ದು ಸಣ್ಣದಲ್ಲ. ನಿಜಾಮರ ರಾಜ್ಯದಲ್ಲಿ ಓದುಬರಹವೆಂದರೆ ಉರ್ದು, ಅದೂ ಮೇಲಿನವರಿಗೆ. ಹೊಲೆಯ, ಮಾದಿಗ ಮಕ್ಕಳ ಕೈಗೆ ಕನ್ನಡ ಅಕ್ಷರ ಇತ್ತವರಲ್ಲಿ ಮಿಷನ್ ಶಾಲೆ, ಬೋರ್ಡಿಂಗುಗಳು ಮುಂದಿದ್ದವು. ಮನೆ ಮನೆಗೆ ನಡೆದು ಹೋದ ಬೈಬಲ್ ಸ್ತ್ರೀಯರು ಹೆಂಗಸರಿಗೆ ಓದು ಕಲಿಸಿದರು. ಇನ್ನು ಕರ್ತನ ಭೋಜನ. ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಲಾಗಿ ಮೊಣಕಾಲೂರಿದವರಿಗೆ ಪಾದ್ರಿ ತನ್ನ ಕೈಯಿಂದಲೇ ರೊಟ್ಟಿಯ ಚೂರು ಕೊಟ್ಟು ಬಟ್ಟಲು ದಾಟಿಸುತ್ತಾರೆ. ಊರ ಹೋಟೆಲಿನಲ್ಲಿ ಬೇರೆ ಗ್ಲಾಸು, ಬಾವಿಯ ಹತ್ತಿರ ಮೇಲಿನಿಂದ ಸುರಿಯುವ ನೀರು, ಇದನ್ನೇ ಕಂಡಿದ್ದ ಜನ ಅದು. ಇನ್ನೊಬ್ಬರ ತುಟಿ ತಾಗಿದ ಬಟ್ಟಲು ತನ್ನ ತುಟಿಗೆ ಬಂದಾಗ ಅವರಿಗೆ ಏನನ್ನಿಸಿರಬೇಕು ಎಂಬುದನ್ನು ಯಾವ ವಿಮರ್ಶಕನೂ ಹಗುರವಾಗಿ ಕಾಣಬಾರದು.

ಆದರೆ ಆ ಬಟ್ಟಲಿಗೆ ನಿಜವಾದ ಪರೀಕ್ಷೆ ಬಂದೇ ಇಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನೊಳಗೆ ಜಾತಿಗಳ ನಡುವೆ ಗೋಡೆ ಎದ್ದಿತ್ತು. ನಮ್ಮಲ್ಲಿ ಅಂಥ ಗೋಡೆ ಇಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಗೋಡೆ ಬೇಕಾಗುವಷ್ಟು ಜಾತಿಗಳೇ ಒಳಗೆ ಬರಲಿಲ್ಲವಲ್ಲ! ಲಿಂಗಾಯತರೂ ರೆಡ್ಡಿಗಳೂ ಹೊರಗೇ ಉಳಿದರು. ಒಳಗಿದ್ದವರು ಬಹುಪಾಲು ಹೊಲೆಯ, ಮಾದಿಗ, ಈ ಎರಡೇ ಕೇರಿಯವರು. ಆ ಎರಡರ ನಡುವಿನ ಪರೀಕ್ಷೆಯನ್ನು ಸಭೆ ಭೋಜನದಲ್ಲಿ ಗೆದ್ದಿತು, ಮದುವೆಯಲ್ಲಿ ಸೋತಿತು. ಒಂದೇ ಕೀರ್ತನೆ ಹಾಡುವ ಎರಡು ಮನೆಗಳು ಬೀಗರಾಗುವ ಮಾತು ಬಂದಾಗ ‘ನಮ್ಮವರಾ?’ ಎಂದು ಕೇಳುವುದು ನಿಂತಿಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಚರ್ಚೆಯಲ್ಲಿ ಹೊಲೆಯರನ್ನು ಬಲಗೈ, ಮಾದಿಗರನ್ನು ಎಡಗೈ ಎನ್ನುವ ಮಾತು ಬೀದಿಯಲ್ಲಿ ಜೋರಾಗಿದ್ದಾಗ, ಎರಡೂ ಕೇರಿಯವರನ್ನು ನೂರು ವರ್ಷದಿಂದ ಒಂದೇ ಚಾವಣಿಯಡಿ ಕೂರಿಸಿದ ಸಂಸ್ಥೆಗೆ ಹೇಳಲು ದೊಡ್ಡ ಮಾತಿರಬೇಕಿತ್ತು.

ಹೆಸರಿನ ಸಂಕಟ ಇನ್ನೂ ಆಳದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಷರತ್ತನ್ನು ತೆಗೆಯಿರಿ ಎಂದಿತು, ಯಾರೂ ತೆಗೆಯಲಿಲ್ಲ. 2022ರಲ್ಲಿ ಇದೇ ಪ್ರಶ್ನೆಗೆ ಬಾಲಕೃಷ್ಣನ್ ಆಯೋಗ ಕೂತಿತು. 2024ರ ನವೆಂಬರಿನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಚರ್ಚಿಗೆ ಹೋಗುತ್ತ ಮೀಸಲಾತಿಗಾಗಿ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು. ಚಿತ್ತಾಪುರ, ಚಿಂಚೋಳಿ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಲ್ಲಿನ ಕೇರಿಯಲ್ಲೇ ಹುಟ್ಟಿ, ಅದೇ ಅವಮಾನ ಉಂಡು ಬೆಳೆದವನು ದಾಖಲೆಯಲ್ಲಿ ಕ್ರೈಸ್ತನಾದರೆ ತನ್ನೂರಿನ ಕ್ಷೇತ್ರಕ್ಕೇ ಅಭ್ಯರ್ಥಿಯಾಗಲಾರ. ಊರಿನವರ ಕಣ್ಣಿಗೆ ಅವನ ಜಾತಿ ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಿಲ್ಲ, ತಹಸೀಲ್ದಾರರ ಕಡತದಲ್ಲಿ ಮಾತ್ರ ಹೋಗಿದೆ. ಹೀಗಾಗಿ ಮನೆ ಮನೆಯಲ್ಲಿ ಎರಡು ಹೆಸರು: ಶಾಲೆಯ ರಿಜಿಸ್ಟರಿನಲ್ಲಿ ಒಂದು, ಸಭೆಯಲ್ಲಿ ಇನ್ನೊಂದು. ಇದನ್ನು ಮೋಸ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೊಟ್ಟೆಗೂ ನಂಬಿಕೆಗೂ ನಡುವೆ ಒಂದನ್ನು ಆರಿಸು ಎಂದು ಮಗುವಿನ ಮುಂದೆ ಅರ್ಜಿ ಹಿಡಿದದ್ದು ಸರ್ಕಾರ.

ಸಭೆಗಳು ಸುಮ್ಮನೆ ಕೂತಿಲ್ಲ, ನಿಜ. ಆಗಸ್ಟ್ 10ನ್ನು ಕರಾಳ ದಿನವಾಗಿ ಆಚರಿಸುತ್ತಾರೆ. ವರ್ಣಭೇದದ ವಿರುದ್ಧ ಜಾಗತಿಕ ಸಭೆಗಳ ಒಕ್ಕೂಟ 1969ರಲ್ಲಿ ಕಾರ್ಯಕ್ರಮವನ್ನೇ ಕಟ್ಟಿತು. 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಯ ಪ್ರಶ್ನೆ ಎತ್ತಲು ಹೋದ ದಲಿತರ ಜೊತೆ ಕ್ರೈಸ್ತ ಸಂಘಟನೆಗಳೂ ನಿಂತವು, ಭಾರತ ಸರ್ಕಾರ ಒಪ್ಪಲಿಲ್ಲ.  2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರು ತಮ್ಮ ಸಭೆಯೊಳಗೇ ಅಸ್ಪೃಶ್ಯತೆ ಇದೆಯೆಂದು ಲಿಖಿತವಾಗಿ ಒಪ್ಪಿಕೊಂಡರು. 2022ರಲ್ಲಿ ಹೈದರಾಬಾದಿನ ಆಂಟನಿ ಪೂಲಾ ಮೊದಲ ದಲಿತ ಕಾರ್ಡಿನಲ್ ಆದರು. ಇವೆಲ್ಲ ಬೇಕಾದದ್ದೇ. ಆದರೆ ಈ ಮಾತೆಲ್ಲ ದೆಹಲಿಯ ಕಡೆಗೆ, ರೋಮಿನ ಕಡೆಗೆ, ಜಿನೀವಾದ ಕಡೆಗೆ ಮುಖ ಮಾಡಿದೆ. ಸೇಡಂನ ಬೆಂಚಿನ ಕಡೆಗೆ ತಿರುಗಿದ್ದು ಕಡಿಮೆ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಎ.ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದರು. ದಲಿತ ದೇವಶಾಸ್ತ್ರಕ್ಕೆ ಅದು ಬೀಜ. ಭಾರತದ ಮೆಥಡಿಸ್ಟ್ ಸಭೆ ಸ್ವಾಯತ್ತವಾದದ್ದೂ ಅದೇ ವರ್ಷ. ನಮ್ಮದೇ ಜನರ ನೋವಿನಿಂದ ಹುಟ್ಟಿದ ಆ ಶಾಸ್ತ್ರ ನಮ್ಮ ಪ್ರಸಂಗಪೀಠದವರೆಗೆ ಬರಲಿಲ್ಲ. ಇಲ್ಲಿ ಬಂದದ್ದು ಪುನರುಜ್ಜೀವನ ಕೂಟಗಳ ಬೋಧನೆ: ಕುಡಿತ ಬಿಡು, ರೋಗ ವಾಸಿಯಾಗುತ್ತದೆ, ಪಾಪ ಅರಿಕೆ ಮಾಡು. 1923ರಿಂದ ನಡೆದು ಬಂದ ವಿಕಾರಾಬಾದ್ ಬಳಿಯ ಧಾರೂರು ಜಾತ್ರೆಗೆ ನಮ್ಮ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು, ಟೆಂಟು ಹೊತ್ತುಕೊಂಡು ಜನ ಹೋಗುತ್ತಾರೆ. ಆ ಹರಕೆ, ಆ ಹಾಡು, ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಕುಡಿತ ಬಿಟ್ಟ ಗಂಡನಿಂದ ಎಷ್ಟು ಮನೆ ಉಳಿದಿವೆ! ಆದರೂ ಜಾತಿಯನ್ನು ಒಬ್ಬೊಬ್ಬರ ಎದೆಯೊಳಗಿನ ಪಾಪವೆಂದಷ್ಟೇ ಬೋಧಿಸಿದಾಗ ಹೊಲ, ಬಾವಿ, ಸ್ಮಶಾನ, ಸರ್ಟಿಫಿಕೇಟು ಲೆಕ್ಕಕ್ಕೇ ಬರುವುದಿಲ್ಲ. ಆ ಲೆಕ್ಕ ಕೇಳಿದವರು ಬೇರೆಯವರು. 1968ರಲ್ಲಿ ಕಲಬುರಗಿಯಲ್ಲಿ ದಲಿತರ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್ ಅವರಲ್ಲಿ ದೊಡ್ಡ ಹೆಸರು. ಅಮೆರಿಕದ ಸಭೆಯಲ್ಲಿ ಕರಿಯರ ಪ್ರತ್ಯೇಕ ಪಂಕ್ತಿ ಮುರಿದದ್ದೂ ಅದೇ ವರ್ಷ. ಎರಡೂ ಒಂದೇ ಜಗಳವೆಂದು ತೋರಿಸಿಕೊಡಲು ಈ ಭಾಗದ ಮೆಥಡಿಸ್ಟ್ ಸಭೆಗಿಂತ ಹತ್ತಿರದವರು ಯಾರಿದ್ದರು?

ಸಭೆಯ ಕೈಯಲ್ಲೇ ಇರುವ ಅಧಿಕಾರದ ಮಾತು ಉಳಿಯಿತು. ಮೆಥಡಿಸ್ಟರಲ್ಲಿ ಪಾದ್ರಿಯನ್ನು ಊರವರು ಆರಿಸುವುದಿಲ್ಲ, ಬಿಷಪ್ ಕಳಿಸುತ್ತಾರೆ. ವಾರ್ಷಿಕ ಕಾನ್ಫರೆನ್ಸಿನ ಕೊನೆಗೆ ಯಾರು ಯಾವ ಊರಿಗೆ ಎಂಬ ಪಟ್ಟಿ ಓದುತ್ತಾರೆ, ಓದಿದ ಮೇಲೆ ಎಲ್ಲರೂ ಹೊರಡಬೇಕು. ಮಾದಿಗ ಮನೆಯ ಪಾದ್ರಿಯನ್ನು ಹೊಲೆಯರ ಸಭೆಗೆ, ಹೊಲೆಯ ಮನೆಯವರನ್ನು ಮಾದಿಗರ ಸಭೆಗೆ, ದಲಿತ ಹೆಣ್ಣುಮಗಳನ್ನು ಶಹಾಬಾದಿನಂಥ ಪೇಟೆಯ ದೊಡ್ಡ ಚರ್ಚಿಗೆ ಕಳಿಸಲು ರಾಷ್ಟ್ರಪತಿ ಆದೇಶ ತಿದ್ದುಪಡಿ ಆಗಬೇಕಿಲ್ಲ, ಸುಪ್ರೀಂ ಕೋರ್ಟಿನ ತೀರ್ಪೂ ಬೇಕಿಲ್ಲ. ಆ ಪಾದ್ರಿಯ ಮನೆಯವರು ಊರಲ್ಲಿ ಬಾಳುತ್ತಾರೆ, ಅವರ ಮಕ್ಕಳು ಅಲ್ಲಿಯೇ ಓದುತ್ತಾರೆ, ಬೀಗತನದ ಮಾತು ಅಲ್ಲಿಂದಲೇ ಹುಟ್ಟಬೇಕು. ಕಾನ್ಫರೆನ್ಸು ಪಾಸು ಮಾಡುವ ಠರಾವಿಗಿಂತ ಮೊದಲು ನಾನು ಓದಬಯಸುವುದು ಆ ಪಟ್ಟಿಯನ್ನು.